ಜೀನ್ ಹಂಟ್‌ನನ್ನು ಮೆಚ್ಚಿದವರು



2007ರ ಏಪ್ರಿಲ್ 10ರ ರಾತ್ರಿ ಬ್ರಿಟನ್ನಿನಲ್ಲಿ ಸುಮಾರು 70 ಲಕ್ಷ ಜನ ಬಿಬಿಸಿ ಒನ್ ವಾಹಿನಿ ಹಾಕಿಕೊಂಡು ಕೂತಿದ್ದರು. ಅವರ ಕಣ್ಣೆದುರೇ ಸ್ಯಾಮ್ ಟೈಲರ್ ಎಂಬ ಪೊಲೀಸ್ ಅಧಿಕಾರಿ ಎತ್ತರದ ಕಟ್ಟಡವೊಂದರ ತಾರಸಿಯಿಂದ ಕೆಳಕ್ಕೆ ಹಾರಿದ. ಹಾರಿದವನು ನೆಲಕ್ಕೆ ಬೀಳುವ ಬದಲು 1973ನೇ ಇಸವಿಗೆ ಬಂದಿಳಿದ. ಅವನು ಗೆದ್ದನೋ ಸತ್ತನೋ ಎಂದು ಅಂದು ಎದ್ದ ಜಗಳ ಇನ್ನೂ ತೀರಿಲ್ಲ. ಆ ಧಾರಾವಾಹಿಯ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದನ್ನು ನೋಡಿದವರು ಆಡಿದ ಮಾತುಗಳ ಬಗ್ಗೆ ಇವತ್ತು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ.

ಧಾರಾವಾಹಿಯ ಹೆಸರು ‘ಲೈಫ್ ಆನ್ ಮಾರ್ಸ್’. 2006ರ ಜನವರಿ 9ಕ್ಕೆ ಶುರುವಾಗಿ, ಎರಡು ಸರಣಿಗಳಲ್ಲಿ ಎಂಟೆಂಟರಂತೆ 16 ಕಂತುಗಳಿಗೆ ಮುಗಿಯಿತು. ಸ್ಯಾಮ್ ಟೈಲರ್ 2006ರ ಮ್ಯಾಂಚೆಸ್ಟರಿನಲ್ಲಿ ಡಿಟೆಕ್ಟಿವ್ ಚೀಫ್ ಇನ್‌ಸ್ಪೆಕ್ಟರ್. ರಸ್ತೆ ಬದಿಯಲ್ಲಿ ಕಾರಿನಿಂದ ಇಳಿದು ನಿಂತವನಿಗೆ ಇನ್ನೊಂದು ಕಾರು ಬಡಿಯುತ್ತದೆ. ಕಣ್ಣು ಬಿಟ್ಟಾಗ ಮೈಮೇಲೆ ಅಗಲ ಕಾಲರಿನ ಅಂಗಿ, ಕಾಲಿಗೆ ಬೆಲ್‌ಬಾಟಮ್, ಸುತ್ತಲೂ 1973. ಅಪಘಾತದ ಹೊತ್ತಿಗೆ ಅವನ ಕಾರಿನಲ್ಲಿ ಡೇವಿಡ್ ಬೋವಿಯ 1971ರ ಹಾಡೊಂದು ಕೇಳುತ್ತಿತ್ತು. ಧಾರಾವಾಹಿಯ ಹೆಸರು ಆ ಹಾಡಿನದು. ಠಾಣೆಗೆ ಹೋದರೆ ಅಲ್ಲಿಯೂ ಅವನಿಗೊಂದು ಮೇಜು ಕಾದಿದೆ, ಆದರೆ ಒಂದು ದರ್ಜೆ ಕೆಳಗಿನ ಹುದ್ದೆ. ತನಗೆ ಬುದ್ಧಿಭ್ರಮಣೆಯೋ, 2006ರ ಆಸ್ಪತ್ರೆಯೊಂದರಲ್ಲಿ ಕೋಮಾದಲ್ಲಿದ್ದೇನೋ, ನಿಜವಾಗಿಯೂ ಕಾಲದಲ್ಲಿ ಹಿಂದಕ್ಕೆ ಸರಿದೆನೋ ಎಂಬುದು ಅವನಿಗೂ ತಿಳಿಯದು, ನೋಡುವವರಿಗೂ ತಿಳಿಯದು.

ಮ್ಯಾಥ್ಯೂ ಗ್ರಹಾಂ, ಟೋನಿ ಜೋರ್ಡನ್, ಆ್ಯಶ್ಲಿ ಫರೋ ಎಂಬ ಮೂವರು ಲೇಖಕರಿಗೆ ಈ ಕತೆ ಹೊಳೆದದ್ದು 1998ರಲ್ಲಿ, ಬ್ಲ್ಯಾಕ್‌ಪೂಲ್ ಎಂಬ ಸಮುದ್ರತೀರದ ಊರಿನಲ್ಲಿ. ಕುಡೋಸ್ ಎಂಬ ನಿರ್ಮಾಣ ಸಂಸ್ಥೆ ಹೊಸ ಕತೆ ಹುಡುಕಿಕೊಂಡು ಬನ್ನಿ ಎಂದು ಅವರನ್ನು ಅಲ್ಲಿಗೆ ಕಳಿಸಿತ್ತು. ಪೊಲೀಸ್ ಕತೆಗೆ ಕಾಲಯಾನ ಬೆರೆಸಿದರೆ ಯಾರು ನೋಡುತ್ತಾರೆ ಎಂದು ಬಿಬಿಸಿ ಆಗ ಬೇಡವೆಂದಿತು. ಚಾನೆಲ್ ಫೋರ್ ಕೂಡ ಕೈಬಿಟ್ಟಿತು. ಎಂಟು ವರ್ಷಗಳ ಮೇಲೆ ತೆರೆಗೆ ಬಂದಾಗ ಅದಕ್ಕೆ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಎರಡು ಸಲ ಬಂತು. 2007ರಲ್ಲಿ ವೀಕ್ಷಕರೇ ಮತ ಹಾಕಿ ಆರಿಸುವ ಬಾಫ್ಟಾ ಪ್ರಶಸ್ತಿಯೂ ಬಂತು. ಅಂದರೆ ಜನ ಇದನ್ನು ಸುಮ್ಮನೆ ನೋಡಿ ಮರೆಯಲಿಲ್ಲ, ತಮ್ಮದೆಂದುಕೊಂಡರು.

ತಮ್ಮದೆಂದುಕೊಂಡದ್ದು ಯಾರನ್ನು? ನಾಯಕ ಸ್ಯಾಮ್‌ನನ್ನು ಎನ್ನುತ್ತೀರಾ? ಜಾನ್ ಸಿಮ್ ಆ ಪಾತ್ರವನ್ನು ಮನಮುಟ್ಟುವಂತೆ ಮಾಡಿದ್ದಾರೆ, ನಿಜ. ಆದರೆ ಜನ ಎತ್ತಿ ಆಡಿಸಿದ್ದು ಅವನ ಮೇಲಧಿಕಾರಿ ಜೀನ್ ಹಂಟ್‌ನನ್ನು. ಫಿಲಿಪ್ ಗ್ಲೆನಿಸ್ಟರ್ ಮಾಡಿದ ಪಾತ್ರ. ಒಂಟೆ ಬಣ್ಣದ ಉದ್ದನೆಯ ಕೋಟು, ಕಾರು ಓಡಿಸಲು ಚರ್ಮದ ಕೈಗವಸು, ಕಂದು ಬಣ್ಣದ ಫೋರ್ಡ್ ಕಾರ್ಟಿನಾ. ಹಗಲಲ್ಲೇ ವಿಸ್ಕಿ. ಬಾಯಿ ತೆರೆದರೆ ಹೆಂಗಸರನ್ನು, ಕರಿಯರನ್ನು, ಸಲಿಂಗಿಗಳನ್ನು ಹೀನಾಯವಾಗಿ ಆಡಿಕೊಳ್ಳುವ ಮಾತು. ಸಿಕ್ಕವನನ್ನು ಗೋಡೆಗೆ ಒತ್ತಿ ಬಾಯಿ ಬಿಡಿಸುವುದೇ ಅವನ ತನಿಖೆ. ಸ್ಯಾಮ್ ಇದಕ್ಕೆ ತದ್ವಿರುದ್ಧ. ಆರೋಪಿಗೆ ವಕೀಲನನ್ನು ಕರೆಸಿ ಎನ್ನುತ್ತಾನೆ, ವಿಚಾರಣೆಯನ್ನು ಟೇಪ್ ಮಾಡಬೇಕೆನ್ನುತ್ತಾನೆ, ಬೆರಳಚ್ಚು ಅಳಿಸದಿರಿ ಎಂದು ಬೇಡುತ್ತಾನೆ. ಠಾಣೆಯಲ್ಲಿದ್ದವರೆಲ್ಲ ಅವನ ಮುಖ ನೋಡಿ ನಗುತ್ತಾರೆ.

ಲೇಖಕರು ಇಬ್ಬರನ್ನೂ ಒಂದೇ ಕಾರಿನಲ್ಲಿ ಕೂರಿಸಿ ಹದಿನಾರು ಕಂತು ಜಗಳವಾಡಿಸಿದರು. ಸ್ಯಾಮ್‌ನ ಕಣ್ಣಿನಿಂದ ನಾವು ಹಳೆಯ ಪೊಲೀಸರನ್ನು ಕಂಡು ಬೆಚ್ಚಿಬೀಳಬೇಕೆಂಬುದು ಕತೆಯ ಮೊದಲ ಹವಣಿಕೆ. ಆದರೆ ಜನಕ್ಕೆ ಜೀನ್ ಹಿಡಿಸಿಬಿಟ್ಟ. ಹಾಗೆ ಮೆಚ್ಚಿದವರ ಮಾತು ಹೆಚ್ಚುಕಡಿಮೆ ಹೀಗಿರುತ್ತಿತ್ತು: ಆತ ಒರಟ, ಆದರೆ ಒಳಗೊಂದು ಹೊರಗೊಂದು ಇಲ್ಲ, ತನ್ನ ಊರನ್ನು ತನ್ನ ಮನೆಯಂತೆ ಕಾಯುತ್ತಾನೆ, ಈಗಿನ ಪೊಲೀಸರು ಫಾರಂ ತುಂಬುತ್ತ ಕೂರುತ್ತಾರೆ, ಆತ ಓಡಿಹೋಗಿ ಕಳ್ಳನನ್ನು ಹಿಡಿಯುತ್ತಾನೆ. ಈ ಮೆಚ್ಚುಗೆಯಲ್ಲಿ ಸುಳ್ಳಿಲ್ಲ. 1970ರ ದಶಕದಲ್ಲಿ ‘ದಿ ಸ್ವೀನಿ’ ಎಂಬ ಪೊಲೀಸ್ ಧಾರಾವಾಹಿ ನೋಡಿ ಬೆಳೆದ ಗಂಡಸರಿಗೆ ಜೀನ್ ತಮ್ಮ ಬಾಲ್ಯದ ಪರದೆಯಿಂದ ಎದ್ದುಬಂದವನಂತೆ ಕಂಡಿರಬೇಕು.

ಎಲ್ಲರೂ ಮೆಚ್ಚಲಿಲ್ಲ. 2007ರಲ್ಲಿ ಬ್ರಿಟನ್ನಿನ ಶಿಕ್ಷಕರ ದೊಡ್ಡ ಸಂಘಟನೆಗಳಲ್ಲೊಂದು ಬಹಿರಂಗವಾಗಿ ಆಕ್ಷೇಪ ಎತ್ತಿತು. ಸಲಿಂಗಿಗಳನ್ನು ಕುರಿತು ಜೀನ್ ಆಡುವ ಬೈಗುಳಗಳನ್ನು ಮಕ್ಕಳು ಕಲಿತು ಶಾಲೆಯ ಅಂಗಳದಲ್ಲಿ ಇನ್ನೊಂದು ಮಗುವಿನ ಮೇಲೆ ಎಸೆಯುತ್ತಾರೆ ಎಂಬುದು ಆ ಶಿಕ್ಷಕರ ಆತಂಕ. ಇದು ರಾತ್ರಿ ಒಂಬತ್ತರ ಮೇಲೆ ದೊಡ್ಡವರಿಗಾಗಿ ತೋರಿಸುವ ಕಾರ್ಯಕ್ರಮ ಎಂದು ಬಿಬಿಸಿ ಸಮರ್ಥಿಸಿಕೊಂಡಿತು. ಆ ಆಕ್ಷೇಪವನ್ನು ಮಡಿವಂತಿಕೆ ಎಂದು ತಳ್ಳಿಹಾಕಿದವರು ಬಹಳ ಮಂದಿ. ನನಗೆ ಹಾಗನ್ನಿಸುವುದಿಲ್ಲ. ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ದಿನವೂ ಅಂಥ ಮಾತು ಕೇಳುವ ಹುಡುಗನನ್ನು ಆ ಶಿಕ್ಷಕರು ಕಣ್ಣಾರೆ ಕಂಡವರು. ಪಾತ್ರ ಆಡುವ ಮಾತಿಗೂ ಲೇಖಕ ಒಪ್ಪುವ ಮಾತಿಗೂ ಅಂತರವಿದೆ ಎಂಬುದು ಎಷ್ಟು ಸರಿಯೋ, ಬೈಗುಳ ಪರದೆಯಿಂದ ಬೀದಿಗೆ ಇಳಿಯುವಾಗ ಆ ಅಂತರ ಉಳಿಯುವುದಿಲ್ಲ ಎಂಬುದೂ ಅಷ್ಟೇ ಸರಿ.

ಜೀನ್‌ನನ್ನು ಮೆಚ್ಚಿದವರು ಮೊದಲ ಸರಣಿಯ ಏಳನೇ ಕಂತನ್ನು ಇನ್ನೊಮ್ಮೆ ನೋಡಬೇಕು. ಮಾದಕವಸ್ತು ಮಾರುತ್ತಿದ್ದ ಬಿಲ್ಲಿ ಎಂಬ ತರುಣ ಲಾಕಪ್ಪಿನಲ್ಲೇ ಸಾಯುತ್ತಾನೆ. ಸಾವಿಗೆ ಕಾರಣ ಠಾಣೆಯ ಅಧಿಕಾರಿ ರೇ ಕಾರ್ಲಿಂಗ್, ಜೀನ್‌ನ ನೆಚ್ಚಿನ ಶಿಷ್ಯ. ಸ್ಯಾಮ್ ಒಬ್ಬೊಬ್ಬರನ್ನೇ ಕೂರಿಸಿ ಹೇಳಿಕೆ ಪಡೆಯುತ್ತ ಹೋದಂತೆ ಠಾಣೆಯ ಪ್ರತಿಯೊಬ್ಬನೂ ಒಂದಿಷ್ಟು ನೋಡಿದ್ದ, ಒಂದಿಷ್ಟು ಮುಚ್ಚಿಟ್ಟಿದ್ದ ಎಂಬುದು ಬಯಲಿಗೆ ಬರುತ್ತದೆ. ಕಡೆಗೆ ಪ್ರಕರಣ ಠಾಣೆಯ ನಾಲ್ಕು ಗೋಡೆಯೊಳಗೇ ಮುಗಿಯುತ್ತದೆ, ರೇಗೆ ಹಿಂಬಡ್ತಿ. ಒಂದು ಜೀವಕ್ಕೆ ಬದಲಾಗಿ ಒಂದು ದರ್ಜೆ! ಆ ಕಂತಿನಲ್ಲಿ ಜೀನ್‌ನ ಮುಖದ ಮೇಲೆ ಮೂಡುವ ನಾಚಿಕೆಯನ್ನು ಗ್ಲೆನಿಸ್ಟರ್ ಒಂದೇ ಒಂದು ಮಾತಿಲ್ಲದೆ ತೋರಿಸುತ್ತಾರೆ. ಧಾರಾವಾಹಿ ತನ್ನ ಸಾಕ್ಷ್ಯವನ್ನು ಪರದೆಯ ಮೇಲೇ ಇಟ್ಟಿತ್ತು. ಮಾತಿನ ಮೊನೆಗೆ ಮನಸೋತ ಬಹಳಷ್ಟು ಜನ ಅದನ್ನು ದಾಟಿ ಮುಂದೆ ಹೋದರು.

ನಿಜವಾದ 1970ರ ದಶಕದಲ್ಲಿ ಏನಾಗುತ್ತಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. 1974ರ ನವೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಎರಡು ಮದ್ಯದಂಗಡಿಗಳಲ್ಲಿ ಬಾಂಬು ಸಿಡಿದು 21 ಜನ ಸತ್ತರು. ಪೊಲೀಸರು ಆರು ಜನರನ್ನು ಹಿಡಿದರು, ಹೊಡೆದರು, ತಪ್ಪೊಪ್ಪಿಗೆ ಬರೆಸಿಕೊಂಡರು. 1975ರಲ್ಲಿ ಆರೂ ಜನಕ್ಕೆ ಜೀವಾವಧಿ ಶಿಕ್ಷೆ. ಆ ಆರು ಜನ ನಿರ್ದೋಷಿಗಳೆಂದು ನ್ಯಾಯಾಲಯ ಬಿಟ್ಟದ್ದು 1991ರಲ್ಲಿ. ಹದಿನಾರು ವರ್ಷ ಸೆರೆಮನೆ! ನಿಜವಾಗಿ ಬಾಂಬಿಟ್ಟವರಿಗೆ ಶಿಕ್ಷೆಯೇ ಆಗಲಿಲ್ಲ. ಆತ ಫಲ ತರುತ್ತಾನೆ ಎಂದು ಜೀನ್‌ನನ್ನು ಹೊಗಳುವವರು ಈ ಫಲವನ್ನೂ ಲೆಕ್ಕಕ್ಕೆ ಹಿಡಿಯಬೇಡವೇ? ಇಂಥವನ್ನು ತಡೆಯಲೆಂದೇ 1984ರಲ್ಲಿ ಬ್ರಿಟನ್ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆ ತಂದಿತು. ಬಂಧಿತನ ದಾಖಲೆ ಇಡಲು ಠಾಣೆಯಲ್ಲಿ ಬೇರೆ ಅಧಿಕಾರಿ, ವಕೀಲನ ನೆರವಿನ ಹಕ್ಕು, ವಿಚಾರಣೆಯ ಧ್ವನಿಮುದ್ರಣ ಎಲ್ಲವೂ ಅದರೊಂದಿಗೆ ಬಂದವು. ಸ್ಯಾಮ್ 1973ರಲ್ಲಿ ಗೋಗರೆದು ಕೇಳುವುದರಲ್ಲಿ ಬಹಳಷ್ಟು ಹನ್ನೊಂದು ವರ್ಷದ ನಂತರ ಕಾನೂನಾಯಿತು. ಅವನು ನಗೆಪಾಟಲಾದದ್ದು ಬರಲಿರುವ ಕಾನೂನನ್ನು ಮೊದಲೇ ಕಲಿತಿದ್ದಕ್ಕೆ.

ಆ್ಯನಿ ಕಾರ್ಟ್‌ರೈಟ್ ಎಂಬ ಮಹಿಳಾ ಕಾನ್‌ಸ್ಟೆಬಲ್ ಬಗ್ಗೆ ಆಗ ಜನ ಆಡಿದ್ದು ಕಡಿಮೆ. ಆಕೆ ಮನಶ್ಶಾಸ್ತ್ರ ಓದಿದವಳು. ಕೊಲೆಗಾರನ ಮನಸ್ಸು ಹೇಗೆ ಓಡಬಹುದೆಂದು ಹೇಳಬಲ್ಲವಳು ಆ ಠಾಣೆಯಲ್ಲಿ ಆಕೆಯೊಬ್ಬಳೇ. ಆದರೂ ಅವಳ ಮಾತಿಗೆ ಅಲ್ಲಿ ಸಿಗುವುದು ಸಿಳ್ಳೆ. ಹೆಂಗಸರಿಗೆ ಬ್ರಿಟನ್ನಿನಲ್ಲಿ ಪೊಲೀಸ್ ಕೆಲಸ ಬೇರೆಯದೇ ವಿಭಾಗವಾಗಿದ್ದ ಕಾಲ ಅದು. ಲಿಂಗ ತಾರತಮ್ಯದ ವಿರುದ್ಧದ ಕಾಯ್ದೆ ಬಂದದ್ದು 1975ರಲ್ಲಿ. ಎರಡನೇ ಸರಣಿಯಲ್ಲಿ ಆಕೆ ಡಿಟೆಕ್ಟಿವ್ ಆಗುತ್ತಾಳೆ. ಅದೇ ಸರಣಿಯಲ್ಲಿ ಗ್ಲೆನ್ ಫ್ಲೆಚರ್ ಎಂಬ ಕಪ್ಪು ವರ್ಣದ ತರುಣ ಅಧಿಕಾರಿಯೊಬ್ಬ ಬರುತ್ತಾನೆ. ಮುಂದೆ ಸ್ಯಾಮ್‌ಗೆ ಗುರುವಾಗಲಿರುವವನು. ಬೇರೆಯವರು ಹಂಗಿಸುವ ಮೊದಲೇ ತನ್ನ ಬಣ್ಣವನ್ನು ತಾನೇ ಗೇಲಿ ಮಾಡಿಕೊಂಡು ಆತ ದಿನ ದೂಡುತ್ತಿದ್ದಾನೆ. ಅವನನ್ನು ನೋಡಿ ಸ್ಯಾಮ್‌ಗೆ ಆಗುವ ಸಂಕಟ ಇಡೀ ಧಾರಾವಾಹಿಯ ಅತ್ಯಂತ ನಿಜವಾದ ಗಳಿಗೆಗಳಲ್ಲೊಂದು. ಇನ್ನೊಂದು ಕಂತಿನಲ್ಲಿ, ಈದಿ ಅಮೀನ್ 1972ರಲ್ಲಿ ಉಗಾಂಡದಿಂದ ಓಡಿಸಿದ ಭಾರತೀಯ ಮೂಲದವರು ಮ್ಯಾಂಚೆಸ್ಟರಿನಲ್ಲಿ ಬದುಕು ಕಟ್ಟಿಕೊಳ್ಳಲು ಹೆಣಗುತ್ತಿದ್ದಾರೆ. ಹಳೆಯ ಕಾಲ ಚೆನ್ನಾಗಿತ್ತು ಎನ್ನುವವರು ಯಾರ ಹಳೆಯ ಕಾಲವೆಂದು ಕೇಳಿಕೊಳ್ಳಲಿ ಎಂದೇ ಲೇಖಕರು ಇವರನ್ನೆಲ್ಲ ತಂದು ನಿಲ್ಲಿಸಿದ್ದಾರೆ ಎಂದು ನಾನು ನಂಬಿದ್ದೇನೆ.

ಆ ಕಾಲದ ಮೇಲಿನ ಮಮತೆ ಪೂರ್ತಿ ಹುಸಿಯೇನೂ ಅಲ್ಲ. ಮೊದಲ ಸರಣಿಯ ಮೂರನೇ ಕಂತು ಮುಚ್ಚುವ ಅಂಚಿನಲ್ಲಿರುವ ಬಟ್ಟೆ ಗಿರಣಿಯೊಂದರಲ್ಲಿ ನಡೆಯುತ್ತದೆ. ಅದೇ ಕಟ್ಟಡ ಮುಂದೆ ಫ್ಲಾಟುಗಳಾಗಿ, 2006ರಲ್ಲಿ ಸ್ಯಾಮ್ ವಾಸವಿರುವುದು ಅಂಥದೊಂದು ಫ್ಲಾಟಿನಲ್ಲಿ. ಗಿರಣಿ ಉಳಿಯುತ್ತದೆಂದು ಮುದುಕ ಕೆಲಸಗಾರ ನಂಬಿರುವಾಗ, ಉಳಿಯುವುದಿಲ್ಲವೆಂದು ಗೊತ್ತಿರುವವನು ಸ್ಯಾಮ್ ಒಬ್ಬನೇ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ದಾವಣಗೆರೆಯಲ್ಲಿ ಹತ್ತಿ ಗಿರಣಿಯ ಸೈರನ್ ಕೇಳಿ ಎದ್ದು ಕೆಲಸಕ್ಕೆ ಹೋಗುತ್ತಿದ್ದವರು ಈ ಮಾತು ಕೇಳುತ್ತಿದ್ದರೆ, ಆ ಮುದುಕನ ಮುಖ ಹೇಗಿತ್ತೆಂದು ಅವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಒಗಟು ಬಿಡಿಸುವವರ ಗುಂಪೂ ಒಂದಿತ್ತು. ಸ್ಯಾಮ್ ವರ್ಗವಾಗಿ ಬಂದದ್ದು ಹೈಡ್ ಎಂಬ ಊರಿನಿಂದ ಎನ್ನುತ್ತಾರೆ. ಅವನಿಗೆ ಕರೆ ಬರುವುದು ಹೈಡ್ 2612 ಎಂಬ ನಂಬರಿನಿಂದ. ಕೊನೆಗೆ ನೋಡಿದರೆ ಆಸ್ಪತ್ರೆಯಲ್ಲಿ ಅವನು ಮಲಗಿದ್ದದ್ದೇ ಹೈಡ್ ವಾರ್ಡಿನ 2612ನೇ ಕೋಣೆ. ಫ್ರಾಂಕ್ ಮಾರ್ಗನ್ ಎಂಬ ಅಧಿಕಾರಿ ಬಂದಾಗ, 1939ರ ‘ದಿ ವಿಝರ್ಡ್ ಆಫ್ ಆಝ್’ ಚಿತ್ರದಲ್ಲಿ ಮಾಂತ್ರಿಕನಾಗಿ ನಟಿಸಿದವರ ಹೆಸರು ಅದೇ ಎಂದು ಪತ್ತೆಹಚ್ಚಿದವರಿದ್ದರು. ಜೀನ್ ಆಗಾಗ ಸ್ಯಾಮ್‌ನನ್ನು ಆ ಚಿತ್ರದ ನಾಯಕಿ ಡೊರೊತಿಯ ಹೆಸರಿಟ್ಟು ಕರೆಯುವುದಕ್ಕೆ ಆಗ ಬೇರೆಯೇ ಅರ್ಥ ಬಂತು. ಕಾರ್ಯಕ್ರಮವಿಲ್ಲದಾಗ ಟಿವಿಯಲ್ಲಿ ಕಾಣುತ್ತಿದ್ದ ಟೆಸ್ಟ್ ಕಾರ್ಡಿನಿಂದ ಇಳಿದುಬರುವ ಕೆಂಪು ಅಂಗಿಯ ಪುಟ್ಟ ಹುಡುಗಿಯ ಬಗ್ಗೆಯಂತೂ ಒಬ್ಬೊಬ್ಬರದು ಒಂದೊಂದು ವಾದ. ಇನ್ನು ಕೆಲವರು ತಪ್ಪು ಹುಡುಕಿದರು. ಮೊದಲ ಕಂತಿನಲ್ಲಿ ಸ್ಯಾಮ್ ಏಳುವ ಜಾಗದಲ್ಲಿ ಮ್ಯಾಂಕ್ಯೂನಿಯನ್ ವೇ ಎಂಬ ಮೇಲ್ಸೇತುವೆ ಇನ್ನು ಕಟ್ಟಲಿದ್ದಾರೆಂಬ ಫಲಕವಿದೆ. ಆ ರಸ್ತೆ 1967ರಲ್ಲೇ ಮುಗಿದಿತ್ತು. ಅದಕ್ಕೆ ಅಭಿಮಾನಿಗಳು ಕೊಟ್ಟ ಉತ್ತರ ಚೆನ್ನಾಗಿದೆ: ಇದೆಲ್ಲ ಕೋಮಾದಲ್ಲಿರುವವನ ಮನಸ್ಸು ಕಟ್ಟಿದ ಊರಾದರೆ, ಇಸವಿಯ ತಪ್ಪೂ ಅವನದೇ.

ಈಗ ಆ ಕೊನೆಯ ಕಂತಿಗೆ ಬರೋಣ. ಸ್ಯಾಮ್‌ಗೆ 2006ರಲ್ಲಿ ಎಚ್ಚರವಾಗುತ್ತದೆ. ಹದಿನೈದು ಕಂತುಗಳುದ್ದಕ್ಕೂ ಬಯಸಿದ್ದು ಕೈಗೆ ಬಂತು. ಮರಳಿ ಕೆಲಸಕ್ಕೆ ಸೇರಿದ, ಗಾಜಿನ ಗೋಡೆಗಳ ಕೋಣೆಯಲ್ಲಿ ಸಭೆ ನಡೆಯುತ್ತಿದೆ, ಯಾರೋ ನೀತಿನಿಯಮಗಳ ಬಗ್ಗೆ ಮಾತಾಡುತ್ತಿದ್ದಾರೆ. ಅಷ್ಟರಲ್ಲಿ ಅವನ ಗಮನ ಕೈಯ ಕಡೆಗೆ ಹೋಗುತ್ತದೆ. ಬೆರಳು ಕೊಯ್ದು ರಕ್ತ ಬರುತ್ತಿದೆ, ಅವನಿಗೆ ನೋವೇ ಗೊತ್ತಾಗಿಲ್ಲ. ಹಿಂದೆ ರೈಲ್ವೆ ಆರ್ಮ್ಸ್ ಎಂಬ ಮದ್ಯದಂಗಡಿಯ ನೆಲ್ಸನ್ ಅವನಿಗೆ ಹೇಳಿದ್ದ: ಬದುಕಿದ್ದೇವೆ ಎಂಬುದಕ್ಕೆ ಗುರುತು, ನಮಗೆ ತಾಕುವುದು, ನೋಯುವುದು. ಸ್ಯಾಮ್ ಎದ್ದು ಮೆಟ್ಟಿಲು ಹತ್ತಿ ತಾರಸಿಗೆ ಹೋಗುತ್ತಾನೆ. ಹಾರುತ್ತಾನೆ. 1973ರ ರೈಲು ಸುರಂಗದಲ್ಲಿ ಗುಂಡೇಟು ತಿಂದು ಬಿದ್ದಿರುವ ಗೆಳೆಯರನ್ನು ಉಳಿಸುತ್ತಾನೆ, ಆ್ಯನಿಯನ್ನು ಅಪ್ಪುತ್ತಾನೆ, ಎಲ್ಲರೊಡನೆ ಕಾರ್ಟಿನಾ ಹತ್ತುತ್ತಾನೆ.

ಅದನ್ನು ಕಂಡು ಹಿರಿಹಿರಿ ಹಿಗ್ಗಿದವರು ಎಷ್ಟೋ ಜನ. ಆ್ಯನಿಗೆ ಕೊಟ್ಟ ಮಾತು ಉಳಿಸಿಕೊಂಡ, ಪ್ರೀತಿಸಿದವರ ಬಳಿಗೆ ಹೋದ, ನಿರ್ಜೀವ ಬದುಕಿನಿಂದ ಬಿಡಿಸಿಕೊಂಡ ಎಂದರು. ಇನ್ನೊಂದು ಕಡೆ, ಒಬ್ಬ ಮನುಷ್ಯ ತಾನಾಗಿ ತಾರಸಿಯಿಂದ ಹಾರುವುದನ್ನು ಗೆಲುವೆಂದು ತೋರಿಸಬಹುದೇ ಎಂದು ನೊಂದು ಕೇಳಿದವರೂ ಇದ್ದರು. ಕೊನೆಯ ಕಂತನ್ನು ಬರೆದ ಮ್ಯಾಥ್ಯೂ ಗ್ರಹಾಂ ಅವರ ಪ್ರಕಾರ, ಹಾರಿದ ಸ್ಯಾಮ್ ಸಾಯುತ್ತಿದ್ದಾನೆ. ಕಾರಿನ ರೇಡಿಯೋದಲ್ಲಿ ವೈದ್ಯರ ದನಿ ಕೇಳುತ್ತದೆ, ಉಸಿರು ಕೈತಪ್ಪುತ್ತಿದೆ ಎನ್ನುತ್ತಾರೆ. ಒಂದು ಕೈ ಗುಂಡಿ ತಿರುಗಿಸುತ್ತದೆ, ಬೇರೆ ಸ್ಟೇಷನ್ನು ಬರುತ್ತದೆ, ಹಾಡು ಶುರುವಾಗುತ್ತದೆ.

ನನ್ನ ಮಟ್ಟಿಗೆ ಹೇಳುವುದಾದರೆ, ಆ ಅಂತ್ಯದಿಂದ ನನಗೆ ಸಮಾಧಾನವಾಗಲಿಲ್ಲ. ಅದನ್ನು ಮರೆಯುವುದಕ್ಕೂ ಆಗಲಿಲ್ಲ. ನೋವು ಗೊತ್ತಾಗದ ಸ್ಥಿತಿಯಲ್ಲಿರುವವನಿಗೆ ಬೇಕಾದದ್ದು ಪಕ್ಕದಲ್ಲಿ ಕೂತು ಕೈ ಹಿಡಿಯುವ ಒಬ್ಬರು. ಅವನ ತಾಯಿ 2006ರಲ್ಲಿ ಇದ್ದಾಳೆ. ಹಾರುವ ಮೊದಲು ಅವನು ಆಕೆಯೊಡನೆ ಮಾತಾಡಿಯೂ ಇದ್ದಾನೆ. ಮರುದಿನ ಬೆಳಗ್ಗೆ ಆಕೆಗೆ ಏನಾಗಿರುತ್ತದೆ ಎಂಬುದನ್ನು ಕ್ಯಾಮೆರಾ ತೋರಿಸುವುದಿಲ್ಲ. ಹಿಗ್ಗಿದ ವೀಕ್ಷಕರೂ ಕೇಳಲಿಲ್ಲ. ಹಿಂದಿನ ಕಾಲಕ್ಕೆ ಓಡಿಹೋಗುವ ಆಸೆಯ ಬೆಲೆಯನ್ನು ತೆರುವವರು ತೆರೆಯ ಹೊರಗೇ ಉಳಿದರು. ಲಾಕಪ್ಪಿನಲ್ಲಿ ಸತ್ತ ಬಿಲ್ಲಿಯನ್ನು ಮರೆತಂತೆಯೇ ಜನ ಆ ತಾಯಿಯನ್ನೂ ಮರೆತರು.

ಮುಂದಿನ ಕತೆ ‘ಆ್ಯಶಸ್ ಟು ಆ್ಯಶಸ್’, 2008ರಿಂದ 2010ರವರೆಗೆ 24 ಕಂತು. ಸ್ಯಾಮ್‌ನ ಪ್ರಕರಣ ಅಭ್ಯಾಸ ಮಾಡಿದ ಪೊಲೀಸ್ ಮನಶ್ಶಾಸ್ತ್ರಜ್ಞೆ ಅಲೆಕ್ಸ್ ಡ್ರೇಕ್ ಲಂಡನ್ನಿನಲ್ಲಿ ಗುಂಡೇಟು ತಿಂದು 1981ಕ್ಕೆ ಬೀಳುತ್ತಾಳೆ. ಅಲ್ಲಿಯೂ ಜೀನ್ ಹಂಟ್, ಈ ಸಲ ಕೆಂಪು ಆಡಿ ಕ್ವಾಟ್ರೊ ಕಾರಿನಲ್ಲಿ. ಮೊದಮೊದಲು ಕೀಲಿ ಹಾಸ್ ಮಾಡಿದ ಅಲೆಕ್ಸ್ ಪಾತ್ರವನ್ನು ಜನ ಸ್ಯಾಮ್‌ನೊಡನೆ ಹೋಲಿಸಿ ತೆಗಳಿದರು. ಮೂರನೇ ಸರಣಿಯ ಹೊತ್ತಿಗೆ ಅವರಲ್ಲೇ ಅನೇಕರು ಆಕೆಗಾಗಿ ಅತ್ತರು. ಕೊನೆಯಲ್ಲಿ ಗುಟ್ಟು ಒಡೆಯುತ್ತದೆ: ಅದು ಸತ್ತ ಪೊಲೀಸರ ಲೋಕ. ಜೀನ್ 1953ರಲ್ಲಿ, ರಾಣಿ ಎಲಿಜಬೆತ್‌ರ ಪಟ್ಟಾಭಿಷೇಕದ ದಿನ, ಕೊಲೆಯಾಗಿ ಹೂತುಹೋದ ಹದಿಹರೆಯದ ಪೇದೆ. ದಪ್ಪ ಕೋಟಿನ ದೊಡ್ಡ ಸಾಹೇಬ ಆ ಹುಡುಗ ಕಂಡ ಕನಸು. ಎಲ್ಲವನ್ನೂ ಹೀಗೆ ಬಿಚ್ಚಿಹೇಳಬಾರದಿತ್ತು ಎಂದವರಿದ್ದಾರೆ. ನನಗಂತೂ ಇದು ಮೊದಲ ಧಾರಾವಾಹಿಯ ಅಂತ್ಯಕ್ಕಿಂತ ಪ್ರಾಮಾಣಿಕ ಅನ್ನಿಸಿತು. ಜನ ಆರಾಧಿಸಿದ ಆ ಗಂಡಸುತನದ ಕೆಳಗೆ ಹೆದರಿದ ಎಳೆಯ ಜೀವವೊಂದಿತ್ತು ಎಂದು ಲೇಖಕರು ನೇರವಾಗಿ ತೋರಿಸಿದರು.

ಆ ಕೊನೆಯ ಸರಣಿ ಓಡುತ್ತಿದ್ದಾಗಲೇ, 2010ರ ಏಪ್ರಿಲ್‌ನಲ್ಲಿ, ಬ್ರಿಟನ್ನಿನಲ್ಲಿ ಚುನಾವಣೆಯ ಪ್ರಚಾರ ನಡೆದಿತ್ತು. ಲೇಬರ್ ಪಕ್ಷ ಒಂದು ಪೋಸ್ಟರ್ ಹೊರಡಿಸಿತು. ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮರಾನ್ ಅವರು ಜೀನ್ ಹಂಟ್‌ನ ವೇಷದಲ್ಲಿ ಕೆಂಪು ಕ್ವಾಟ್ರೊ ಮೇಲೆ ಕೂತಿದ್ದಾರೆ. ಈತ ದೇಶವನ್ನು 1980ರ ದಶಕಕ್ಕೆ ಹಿಂದಕ್ಕೆ ಒಯ್ಯಲು ಬಿಡಬೇಡಿ ಎಂಬುದು ಅದರ ಎಚ್ಚರಿಕೆ. ಕನ್ಸರ್ವೇಟಿವರು ಅದೇ ಚಿತ್ರವನ್ನು ತೆಗೆದುಕೊಂಡು, ಬರಹ ಮಾತ್ರ ಬದಲಿಸಿ, ತಮ್ಮ ಪರವಾದ ಪೋಸ್ಟರನ್ನೇ ಮಾಡಿಕೊಂಡರು. ಒಂದೇ ಪಾತ್ರವನ್ನು ತೋರಿಸಿ ಒಂದು ಪಕ್ಷ ಹೆದರಿಸಬಹುದು ಎಂದುಕೊಂಡಿತು, ಇನ್ನೊಂದು ಪಕ್ಷ ಮತ ಕೇಳಬಹುದು ಎಂದುಕೊಂಡಿತು. ವೀಕ್ಷಕರ ಅಭಿಪ್ರಾಯ ಎಷ್ಟು ಆಳವಾಗಿ ಸೀಳಿಹೋಗಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಕಂಡಿಲ್ಲ.

ಬೇರೆ ದೇಶಗಳು ಈ ಕತೆಯನ್ನು ಎತ್ತಿಕೊಂಡವು. ಅಮೆರಿಕದ ಎಬಿಸಿ 2008ರಲ್ಲಿ ನ್ಯೂಯಾರ್ಕಿಗೆ ತಂದು, ಹಾರ್ವಿ ಕೈಟೆಲ್ ಅವರನ್ನು ಜೀನ್ ಮಾಡಿ, 17 ಕಂತಿಗೆ ನಿಲ್ಲಿಸಿತು. ಇವರೆಲ್ಲ 2035ರಲ್ಲಿ ಮಂಗಳಗ್ರಹಕ್ಕೆ ಹೊರಟ ಗಗನಯಾತ್ರಿಗಳು, ನಡೆದದ್ದೆಲ್ಲ ನಿದ್ದೆಯ ಕನಸು ಎಂದು ಮುಗಿಸಿದಾಗ ಎಷ್ಟೋ ವೀಕ್ಷಕರಿಗೆ ಮೋಸಹೋದಂತಾಯಿತು. ಅದನ್ನು ಅಲ್ಲಿಗೆ ಬಿಡೋಣ. ನಾನು ಗಮನಿಸಿದ್ದು ಉಳಿದ ದೇಶಗಳು ಆರಿಸಿಕೊಂಡ ಇಸವಿಗಳನ್ನು. ಸ್ಪೇನಿನವರು 1977ನ್ನು ಆರಿಸಿದರು. ಸರ್ವಾಧಿಕಾರಿ ಫ್ರಾಂಕೊ ಸತ್ತು ಎರಡು ವರ್ಷ, ನಾಲ್ಕು ದಶಕಗಳ ಮೇಲೆ ಮೊದಲ ಮುಕ್ತ ಚುನಾವಣೆ ನಡೆದ ವರ್ಷ. ರಷ್ಯದವರು 1979ರ ಸೋವಿಯತ್ ಮಾಸ್ಕೋ ಹಿಡಿದರು. ಚೆಕ್ ಜನ ಕಮ್ಯುನಿಸ್ಟ್ ಆಳ್ವಿಕೆಯ 1982ಕ್ಕೆ ಹೋದರು. ದಕ್ಷಿಣ ಕೊರಿಯದವರು 2018ರಲ್ಲಿ ಮಾಡಿದಾಗ ಕಣ್ಣು ನೆಟ್ಟದ್ದು 1988ರ ಮೇಲೆ; ಸೋಲ್ ಒಲಿಂಪಿಕ್ಸ್ ವರ್ಷ, ಜನ ಬೀದಿಗಿಳಿದು ಸೇನಾ ಆಡಳಿತವನ್ನು ಬಗ್ಗಿಸಿದ ಮರುವರ್ಷ. ಮ್ಯಾಂಚೆಸ್ಟರಿನ ಒರಟ ಸಾಹೇಬನ ಹಿಂದೆ ಒಂದು ಚುನಾಯಿತ ಸರ್ಕಾರವಿತ್ತು. ಈ ಊರುಗಳಲ್ಲಿ ಅವನ ಹಿಂದೆ ಇದ್ದದ್ದು ಇಡೀ ಸರ್ವಾಧಿಕಾರ, ಅಥವಾ ಅದರ ನೆರಳು. ಅಲ್ಲಿನ ಹಿರಿಯ ವೀಕ್ಷಕರಿಗೆ ಪರದೆಯ ಮೇಲಿನ ಠಾಣೆ ಬಾಲ್ಯದ ನೆನಪಿನಷ್ಟೇ ಭಯದ ನೆನಪೂ ಆಗಿರಬೇಕು.

ಕೊರಿಯದ್ದೇ ಇನ್ನೊಂದು ಧಾರಾವಾಹಿ, 2016ರ ‘ಸಿಗ್ನಲ್’, ಕಾಲವನ್ನು ಬೇರೆ ದಾರಿಯಲ್ಲಿ ದಾಟುತ್ತದೆ. ಇಲ್ಲಿ ಯಾರೂ ಹಿಂದಕ್ಕೆ ಹೋಗುವುದಿಲ್ಲ. ಹಳೆಯ ವಾಕಿಟಾಕಿಯೊಂದರಲ್ಲಿ ಈಗಿನ ಪೊಲೀಸ್ ಅಧಿಕಾರಿಯೊಬ್ಬನೂ ದಶಕಗಳ ಹಿಂದಿನ ಅಧಿಕಾರಿಯೊಬ್ಬನೂ ಮಾತಾಡಿಕೊಂಡು, ಬಗೆಹರಿಯದ ಕೊಲೆಗಳನ್ನು ಬಿಡಿಸಲು ನೋಡುತ್ತಾರೆ. ಹಳೆಯ ಕಾಲದ ಮೇಲೆ ಇದಕ್ಕೆ ಮೋಹವಿಲ್ಲ. ಸತ್ತವರನ್ನು ಉಳಿಸುವ ಆಸೆಯಷ್ಟೇ ಇದೆ. ಇದರ ಹಿಂದಿ ರೂಪ ‘ಗ್ಯಾರಹ್ ಗ್ಯಾರಹ್’ 2024ರಲ್ಲಿ ಬಂದದ್ದರಿಂದ ನಿಮ್ಮಲ್ಲಿ ಕೆಲವರು ನೋಡಿರಬಹುದು. ಮೂಲದ ಬೆನ್ನಿಗೆ ಕೊರಿಯದ ಹ್ವಾಸಾಂಗ್ ಸುತ್ತಮುತ್ತ 1986ರಿಂದ 1991ರವರೆಗೆ ನಡೆದ ಸರಣಿ ಕೊಲೆಗಳಿದ್ದವು. ಧಾರಾವಾಹಿ ಮುಗಿದು ಮೂರು ವರ್ಷಕ್ಕೆ, 2019ರಲ್ಲಿ, ಡಿಎನ್‌ಎ ಪರೀಕ್ಷೆಯಿಂದ ನಿಜವಾದ ಕೊಲೆಗಾರ ಗೊತ್ತಾದ. ಬೇರೊಂದು ಕೊಲೆಗೆ ಆಗಲೇ ಸೆರೆಮನೆಯಲ್ಲಿದ್ದವನು. ಎಲ್ಲ ಕೊಲೆಗಳನ್ನೂ ಒಪ್ಪಿಕೊಂಡ, ಎಂಟನೆಯದನ್ನೂ ಸೇರಿಸಿ. ಆ ಎಂಟನೇ ಕೊಲೆಗಾಗಿ ಬೇರೆ ಒಬ್ಬ ಮನುಷ್ಯ ಅಷ್ಟರಲ್ಲಿ ಇಪ್ಪತ್ತು ವರ್ಷ ಸೆರೆವಾಸ ಮುಗಿಸಿ ಬಂದಿದ್ದ. ಪೊಲೀಸರು ನಿದ್ದೆಗೆಡಿಸಿ, ಹೊಡೆದು, ಅವನಿಂದ ಒಪ್ಪಿಗೆ ಪಡೆದಿದ್ದರು. 2020ರ ಡಿಸೆಂಬರಿನಲ್ಲಿ ನ್ಯಾಯಾಲಯ ಅವನನ್ನು ನಿರ್ದೋಷಿ ಎಂದಿತು. ಜೀನ್ ಹಂಟ್‌ನ ಪರವಾಗಿ ಯಾರಾದರೂ ವಾದ ಹೂಡಿದಾಗಲೆಲ್ಲ ನನಗೆ ನೆನಪಾಗುವುದು ಈ ಮನುಷ್ಯ. ಅವನ ಇಪ್ಪತ್ತು ವರ್ಷವನ್ನು ಮರಳಿ ಕೊಡುವ ವಾಕಿಟಾಕಿ ಇಲ್ಲ.

ನಮ್ಮಲ್ಲೂ, ನಾಲ್ಕು ಬಿಟ್ಟರೆ ತಾನಾಗಿ ಬಾಯಿ ಬಿಡುತ್ತಾನೆ ಎಂಬ ಮಾತು ಠಾಣೆಯಲ್ಲಷ್ಟೇ ಇಲ್ಲ, ಮನೆಯ ಜಗಲಿಯಲ್ಲೂ ಕೇಳುತ್ತದೆ. ಪೊಲೀಸಿನವನು ಲಾಠಿ ಎತ್ತಿದರೆ ನಮ್ಮ ಚಿತ್ರಮಂದಿರಗಳಲ್ಲಿ ಸಿಳ್ಳೆ ಬೀಳುತ್ತದೆ. ಆದರೆ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದೆಂಬ ನಿಯಮ ನಮ್ಮ ಕಾನೂನಿನಲ್ಲಿ ಬ್ರಿಟಿಷರ ಕಾಲದಿಂದ ಇದೆ. 1996ರ ಡಿ.ಕೆ. ಬಸು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬಂಧನದ ನಿಯಮಗಳನ್ನು ಒಂದೊಂದಾಗಿ ಬರೆದುಕೊಟ್ಟಿತು: ಬಂಧಿಸುವವರ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು, ಬಂಧನದ ಪತ್ರಕ್ಕೆ ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು, ವಶದಲ್ಲಿರುವಷ್ಟು ದಿನವೂ 48 ಗಂಟೆಗೊಮ್ಮೆ ವೈದ್ಯರು ನೋಡಬೇಕು.

‘ಲೈಫ್ ಆನ್ ಮಾರ್ಸ್’ ಧಾರಾವಾಹಿಯನ್ನು ಕನ್ನಡದಲ್ಲಿ ಯಾರಾದರೂ ಹೊಸದಾಗಿ ಬರೆಯುವುದಾದರೆ ಯಾವ ಇಸವಿಗೆ ಹೋಗಬೇಕು ಎಂದು ನಾನು ಬಹಳ ಯೋಚಿಸಿದ್ದೇನೆ. ನನ್ನ ಆಯ್ಕೆ 1976ರ ಬೆಂಗಳೂರು. ತುರ್ತುಪರಿಸ್ಥಿತಿಯ ಕಾಲ. ಆ ವರ್ಷದ ಮೇ 1ರಂದು ಲಾರೆನ್ಸ್ ಫರ್ನಾಂಡಿಸ್ ಅವರನ್ನು ಪೊಲೀಸರು ಮನೆಯಿಂದ ಹಿಡಿದು ಒಯ್ದು, ಭೂಗತರಾಗಿದ್ದ ಅವರ ಅಣ್ಣ, ಸಮಾಜವಾದಿ ನಾಯಕ ಜಾರ್ಜ್ ಎಲ್ಲಿದ್ದಾರೆಂದು ಹೇಳಿಸಲು ಚಿತ್ರಹಿಂಸೆ ಕೊಟ್ಟರು. ಮರುದಿನ ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅವರ ಬಂಧನವಾಯಿತು. ಆಸ್ತಮಾದಿಂದ ನರಳುತ್ತಿದ್ದ ಅವರು ವಿಚಾರಣೆಯೇ ಇಲ್ಲದೆ ಎಂಟು ತಿಂಗಳಿಗೂ ಹೆಚ್ಚು ಕಾಲ ಬೆಂಗಳೂರಿನ ಸೆರೆಮನೆಯಲ್ಲಿದ್ದು, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಡಿ.ಕೆ. ಬಸು ತೀರ್ಪನ್ನು ತರಬೇತಿಯಲ್ಲಿ ಓದಿದ ಇಂದಿನ ಒಬ್ಬ ಸಬ್ ಇನ್‌ಸ್ಪೆಕ್ಟರ್ ಕಣ್ಣು ಬಿಟ್ಟಾಗ ಆ ಠಾಣೆಯಲ್ಲಿರಲಿ. ಒಳಗಿನ ಕೋಣೆಯಲ್ಲಿ ಅವನ ಮೇಲಧಿಕಾರಿ ತೋಳು ಮಡಚುತ್ತಿರಲಿ. ಆ ಮೇಲಧಿಕಾರಿಗೆ ಜೀನ್ ಹಂಟ್‌ನಷ್ಟೇ ಚೆಂದದ ಮಾತು, ಅಷ್ಟೇ ಚೆಂದದ ಕೋಟು ಇರಲಿ. ಕನ್ನಡದ ಲೇಖಕಿಯೋ ಲೇಖಕನೋ ಇದನ್ನು ಬರೆಯಬೇಕು, ಆ ದೃಶ್ಯ ಬಂದಾಗ ನಮ್ಮ ವೀಕ್ಷಕರು ಏನನ್ನುತ್ತಾರೆಂದು ನಾನು ಕೇಳಬೇಕು ಎಂಬುದು ನನ್ನ ಬಹುದಿನದ ಆಸೆ.